ಗೋಡೆಯಿಲ್ಲದ ಪೆಟ್ಟಿಗೆ

ಸಾವಿರ ಪರಮಾಣುಗಳನ್ನು ಒತ್ತೊತ್ತಾಗಿ ಜೋಡಿಸಿ ಒಂದು ಘನ ಕಟ್ಟಿದ್ದೇವೆ ಅಂದುಕೊಳ್ಳಿ: ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು, ಎತ್ತರಕ್ಕೆ ಹತ್ತು. ಇವುಗಳಲ್ಲಿ ಎಲ್ಲ ಮಗ್ಗುಲಿಗೂ ನೆರೆಯುಳ್ಳವು ಒಳಗಿನ 512 ಮಾತ್ರ. ಉಳಿದ 488 ಹೊರಮೈಯಲ್ಲಿವೆ; ಒಂದು ಕಡೆಗಾದರೂ ಅವಕ್ಕೆ ಬರೀ ಶೂನ್ಯ. ಹತ್ತು ಲಕ್ಷ ಪರಮಾಣುಗಳ ಘನ ಕಟ್ಟಿದರೂ 58,808 ಹೊರಮೈಯಲ್ಲೇ ಉಳಿಯುತ್ತವೆ, ಅಂದರೆ ಹೆಚ್ಚುಕಡಿಮೆ ಶೇಕಡಾ ಆರು.

ಹೊರಮೈಯಲ್ಲಿರುವ ಪರಮಾಣು ಒಳಗಿರುವುದರಂತೆ ವರ್ತಿಸುವುದಿಲ್ಲ. ಅದರ ಮೇಲೆ ಸೆಳೆತವೆಲ್ಲ ಒಳಗಿನಿಂದಲೇ. ನೀರಿನ ಹನಿ ದುಂಡಗಾಗುವುದು ಇದರಿಂದಲೇ. ನಿಜವಾದ ಹನಿಯಲ್ಲಿ ಹೊರಮೈಯ ಪಾಲು ಲೆಕ್ಕಕ್ಕೆ ಬಾರದಷ್ಟು ಸಣ್ಣದು, ಏಕೆಂದರೆ ಅಲ್ಲಿರುವ ಅಣುಗಳ ಸಂಖ್ಯೆ ಬರೆಯಲು 1ರ ಮುಂದೆ 21 ಸೊನ್ನೆ ಬೇಕು. ಕಂಪ್ಯೂಟರಿನಲ್ಲಿ ಅಷ್ಟನ್ನು ಓಡಿಸಲಾಗದು. ಮಾಲಿಕ್ಯುಲರ್ ಡೈನಮಿಕ್ಸ್ ಎಂಬ ವಿಧಾನದಲ್ಲಿ ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಅದನ್ನು ಕೂದಲೆಳೆಯಷ್ಟು ಸರಿಸಿ, ಹೊಸ ಜಾಗದಲ್ಲಿ ಮತ್ತೆ ಬಲವನ್ನು ಲೆಕ್ಕ ಹಾಕುತ್ತಾರೆ. ಇದನ್ನು ಕೋಟಿಗಟ್ಟಲೆ ಸಲ ಮಾಡಬೇಕು. ಹಾಗಾಗಿ ಸಾವಿರವೋ ಲಕ್ಷವೋ ಪರಮಾಣುಗಳಿಗೇ ತೃಪ್ತಿಪಟ್ಟುಕೊಳ್ಳಬೇಕು. ಆದರೆ ಅರ್ಧಕ್ಕರ್ಧ ಹೊರಮೈಯೇ ಆಗಿರುವ ದ್ರವವನ್ನು ಅಧ್ಯಯನ ಮಾಡಿ ಸಮುದ್ರದ ಬಗ್ಗೆ ಹೇಳುವುದು ಹೇಗೆ?

ಇದಕ್ಕೆ ಕಂಡುಕೊಂಡ ಉಪಾಯ ದಿಟ್ಟವಾದದ್ದು: ಪೆಟ್ಟಿಗೆಯ ಗೋಡೆಗಳನ್ನೇ ತೆಗೆದುಬಿಡುವುದು. ಪೆಟ್ಟಿಗೆಯ ಆರೂ ಮಗ್ಗುಲಿಗೆ, ಮೂಲೆಗಳಿಗೆ, ಅಂಚುಗಳಿಗೆ ಅದೇ ಪೆಟ್ಟಿಗೆಯ ನಕಲುಗಳನ್ನು ಇಟ್ಟಿದ್ದೇವೆ ಎಂದು ಭಾವಿಸುವುದು. ಆ ನಕಲುಗಳ ಆಚೆಗೂ ಮತ್ತೆ ನಕಲು, ಹೀಗೆ ಕೊನೆಯಿಲ್ಲದೆ. ಒಂದು ಪರಮಾಣು ಬಲಗಡೆಯಿಂದ ಹೊರಬಿದ್ದರೆ ಅದೇ ಕ್ಷಣ ಎಡಗಡೆಯ ನಕಲಿನಿಂದ ಅದರ ಜೊತೆಗಾರ ಅದೇ ವೇಗದಲ್ಲಿ ಒಳಬರುತ್ತದೆ. ಎಣಿಕೆ ಬದಲಾಗುವುದಿಲ್ಲ, ಹೊರಮೈ ಎಂಬುದೇ ಇರುವುದಿಲ್ಲ. ಇದನ್ನು ಆವರ್ತಕ ಗಡಿ ಷರತ್ತು ಎನ್ನುತ್ತಾರೆ. ಗೋಡೆ ಹೋಯಿತು, ನಿಜ. ಆದರೆ ಅದರ ಜಾಗದಲ್ಲಿ ಒಂದು ಊಹೆ ಬಂದು ಕೂತಿತು: ಜಗತ್ತು ಪ್ರತಿ ಪೆಟ್ಟಿಗೆಯ ಅಳತೆಗೊಮ್ಮೆ ತನ್ನನ್ನು ತಾನೇ ಪುನರಾವರ್ತಿಸಿಕೊಳ್ಳುತ್ತದೆ ಎಂಬ ಊಹೆ. ಆ ಊಹೆ ಎಲ್ಲೆಲ್ಲಿ ಕೈಯಾಡಿಸುತ್ತದೆ ಎಂದು ಹೆಜ್ಜೆಹೆಜ್ಜೆಗೂ ನೋಡಿಕೊಳ್ಳುವುದೇ ಈ ಕೆಲಸದ ಅರ್ಧ ಪಾಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಪ್ಯೂಟರುಗಳು ಬಂದ ಹೊಸತರಲ್ಲೇ ಈ ಉಪಾಯ ಬಳಕೆಗೆ ಬಂತು. 1953ರಲ್ಲಿ ಲಾಸ್ ಅಲಮೋಸ್‌ನ ಮೆಟ್ರೊಪೊಲಿಸ್ ಮತ್ತು ಸಂಗಡಿಗರು ಸಮತಲದ ಮೇಲಿನ 224 ಬಿಲ್ಲೆಗಳ ಲೆಕ್ಕವನ್ನು ಹೀಗೆಯೇ ಮಾಡಿದರು. 1957ರಲ್ಲಿ ಆಲ್ಡರ್ ಮತ್ತು ವೈನ್‌ರೈಟ್ 32 ಮತ್ತು 108 ಗಟ್ಟಿ ಗೋಲಿಗಳನ್ನು ಇಂಥ ಪೆಟ್ಟಿಗೆಯಲ್ಲಿ ಓಡಿಸಿ, ಗೋಲಿಗಳು ಪರಸ್ಪರ ಸೆಳೆಯದಿದ್ದರೂ ದ್ರವ ಹೆಪ್ಪುಗಟ್ಟಿ ಹರಳಾಗಬಲ್ಲದು ಎಂದು ತೋರಿಸಿದರು. ನಿಜವಾದ ವಸ್ತುವೊಂದರ ದ್ರವವನ್ನು ಹೀಗೆ ಪರಮಾಣುಗಳಿಂದ ಕಟ್ಟಿ ತೋರಿಸಿದ ಹೆಸರಾಂತ ಪ್ರಬಂಧ 1964ರದ್ದು. ಬರೆದವರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. ಷಿಕಾಗೊ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಸಿಡಿಸಿ 3600 ಕಂಪ್ಯೂಟರಿನಲ್ಲಿ, ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್‌ನ ದ್ರವ ಆರ್ಗಾನನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. (ಪ್ರಯೋಗಾಲಯದ ಹೆಸರಿಗೂ ಅನಿಲಕ್ಕೂ ನಂಟಿಲ್ಲ.) ಪರಮಾಣುಗಳು 864. ಪೆಟ್ಟಿಗೆಯ ಒಂದು ಬದಿ ಸುಮಾರು 34.8 ಆಂಗ್‌ಸ್ಟ್ರಾಮ್, ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. 32, 108, 864 ಎಂಬ ವಿಚಿತ್ರ ಸಂಖ್ಯೆಗಳಿಗೂ ಕಾರಣವಿದೆ. ಘನಾಕಾರದ ಒಂದು ಮನೆಗೆ ನಾಲ್ಕು ಪರಮಾಣು ಕೂರುವ ಹರಳಿನ ಜೋಡಣೆಯನ್ನು ಪ್ರತಿ ದಿಕ್ಕಿಗೆ ಎರಡು, ಮೂರು, ಆರು ಸಲ ಇಟ್ಟರೆ ಈ ಸಂಖ್ಯೆಗಳೇ ಬರುತ್ತವೆ. ನಕಲುಗಳು ಒಂದಕ್ಕೊಂದು ಬಿರುಕಿಲ್ಲದೆ ಕೂಡಿಕೊಳ್ಳಬೇಕಾದರೆ ಹರಳಿನ ಪೂರ್ಣ ಮನೆಗಳೇ ಪೆಟ್ಟಿಗೆಯಲ್ಲಿ ಹಿಡಿಯಬೇಕು.

ಆದರೆ ಈ ಊಹೆ ಕಂಪ್ಯೂಟರಿಗಿಂತ ಹಳೆಯದು, ಮತ್ತು ಅದರ ಮೇಲಿನ ಅತಿ ಬಿರುಸಿನ ಜಗಳ ಬೆಂಗಳೂರಿಗೆ ಸೇರಿದ್ದು. 1912ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಥಿಯೊಡೋರ್ ಫಾನ್ ಕಾರ್ಮಾನ್ ಹರಳಿನ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂದು ಲೆಕ್ಕ ಹಾಕುವಾಗ ಹೊರಮೈಯ ತಲೆನೋವು ಕಳೆಯಲು ಹರಳು ತನ್ನನ್ನೇ ಪುನರಾವರ್ತಿಸುತ್ತದೆ ಎಂದು ಭಾವಿಸಿದರು. ನಾಜಿ ಆಡಳಿತದಿಂದಾಗಿ ಜರ್ಮನಿ ಬಿಟ್ಟ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬ ರಾಮನ್ ಆಸೆ ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೊಗೆ ಹೋದರು. ಮುಂದಿನ ದಶಕದಲ್ಲಿ ಇದೇ ಇಬ್ಬರು ಎದುರಾಳಿಗಳಾದರು. ನಿಜವಾದ ಹರಳಿಗೆ ಕೊನೆಯಿದೆ, ಹೊರಮೈಯಿದೆ. ಅದು ತನ್ನನ್ನೇ ಪುನರಾವರ್ತಿಸುತ್ತದೆ ಎಂದು ಭಾವಿಸುವುದಕ್ಕೆ ಭೌತವಿಜ್ಞಾನದಲ್ಲಿ ಆಧಾರವಿಲ್ಲ ಎಂದು ರಾಮನ್ ವಾದಿಸಿದರು. ಹರಳಿನ ಕಂಪನಗಳು ಬಾರ್ನ್ ಹೇಳುವಂತೆ ಒಂದಕ್ಕೊಂದು ಅಂಟಿಕೊಂಡ ಪಟ್ಟಿಯಲ್ಲ, ಎಣಿಸಬಹುದಾದ ಕೆಲವೇ ಬಿಡಿ ಆವೃತ್ತಿಗಳು ಎಂಬುದು ಅವರ ಸಿದ್ಧಾಂತ. ವಜ್ರಕ್ಕೆ ಅವರು ಕೊಟ್ಟ ಲೆಕ್ಕ ಎಂಟು. ಬೆಂಗಳೂರಿನಲ್ಲಿ ಆರ್.ಎಸ್. ಕೃಷ್ಣನ್ ತೆಗೆದ ವಜ್ರದ ರೋಹಿತದಲ್ಲಿ ಚೂಪಾದ ಗೆರೆಗಳು ಕಂಡಾಗ ಅದೇ ತಮ್ಮ ಪುರಾವೆ ಎಂದರು.

ಸಿದ್ಧಾಂತದ ಪ್ರಶ್ನೆಗೆ ಉತ್ತರ ಗಣಿತದಿಂದ ಬಂತು. ಹರಳು ಸಾಕಷ್ಟು ದೊಡ್ಡದಾಗಿದ್ದರೆ ಅದರ ಅಂಚಿನ ಬಗ್ಗೆ ಏನನ್ನೇ ಊಹಿಸಿದರೂ ಕಂಪನಗಳ ಹಂಚಿಕೆ ಹೆಚ್ಚೇನೂ ಬದಲಾಗದು ಎಂದು ವಾಲ್ಟರ್ ಲೆಡರ್‌ಮನ್ 1944ರಲ್ಲಿ ತೋರಿಸಿದರು. ಕೃಷ್ಣನ್ ತೆಗೆದ ಗೆರೆಗಳು ಬಾರ್ನ್ ಸಿದ್ಧಾಂತದಿಂದಲೂ ಹುಟ್ಟುತ್ತವೆ ಎಂದು 1948ರಲ್ಲಿ ಹೆಲೆನ್ ಸ್ಮಿತ್ ಲೆಕ್ಕ ಹಾಕಿದರು. ಮುಂದೆ ಬರ್ಟ್ರಾಮ್ ಬ್ರಾಕ್‌ಹೌಸ್ ನ್ಯೂಟ್ರಾನುಗಳಿಂದ ಹರಳುಗಳ ಕಂಪನವನ್ನು ನೇರವಾಗಿ ಅಳೆದಾಗ ಕಂಡದ್ದು ಬಾರ್ನ್ ಹೇಳಿದ ಅಖಂಡ ಪಟ್ಟಿಯೇ.

ರಾಮನ್ ಸೋತರು ಎಂದು ಹೇಳಿ ಈ ಕಥೆಯನ್ನು ಮುಗಿಸುವುದು ವಾಡಿಕೆ. ನನಗೆ ಅದರಲ್ಲಿ ಇನ್ನೂ ಒಂದು ಸಂಗತಿ ಕಾಣುತ್ತದೆ. ಪಕ್ಕಪಕ್ಕದ ಮನೆಗಳ ಪರಮಾಣುಗಳು ಒಂದೋ ಜೊತೆಜೊತೆಯಾಗಿ, ಇಲ್ಲವೇ ಪರಸ್ಪರ ವಿರುದ್ಧವಾಗಿ ಮಾತ್ರ ಕಂಪಿಸುತ್ತವೆ ಎಂಬುದು ರಾಮನ್ ಸಿದ್ಧಾಂತದ ತಿರುಳು. ಹರಳಿನ ಮನೆಗಳನ್ನು ಪ್ರತಿ ದಿಕ್ಕಿಗೆ ಎರಡೆರಡು ಇಟ್ಟು, ಸುತ್ತ ನಕಲುಗಳನ್ನು ಜೋಡಿಸಿ ಇವತ್ತು ಕಂಪ್ಯೂಟರಿನಲ್ಲಿ ಓಡಿಸಿದರೆ ಸಿಗುವ ಕಂಪನಗಳು ಅವೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಷ್ಟು ಪುಟ್ಟ ಪೆಟ್ಟಿಗೆಯಲ್ಲಿ ಎರಡು ಮನೆಗಿಂತ ಉದ್ದದ ಅಲೆ ಹಿಡಿಯುವುದಿಲ್ಲ. ಆವರ್ತಕ ಗಡಿಯನ್ನು ಒಪ್ಪದ ವಿಜ್ಞಾನಿ ಕಂಡದ್ದು ಅತಿ ಚಿಕ್ಕ ಆವರ್ತಕ ಪೆಟ್ಟಿಗೆಯ ಕಂಪನಗಳನ್ನೇ. ಅಂಚಿನ ಊಹೆ ನಿರುಪದ್ರವಿಯಾಗುವುದು ಪೆಟ್ಟಿಗೆ ದೊಡ್ಡದಾಗಿದ್ದಾಗ ಮಾತ್ರ, ಮತ್ತು ನಾವು ಓಡಿಸುವ ಪೆಟ್ಟಿಗೆಗಳು ಎಂದೂ ಅಷ್ಟು ದೊಡ್ಡವಲ್ಲ. ಆದ್ದರಿಂದ ರಾಮನ್ ಎತ್ತಿದ ಆಕ್ಷೇಪವನ್ನು ಪ್ರತಿ ಪೆಟ್ಟಿಗೆಯ ಮುಂದೆಯೂ ಮತ್ತೆ ಎತ್ತಬೇಕಾಗುತ್ತದೆ.

ಈಗ ಪೆಟ್ಟಿಗೆಯೊಳಕ್ಕೆ ಇಳಿಯೋಣ. ಬದಿ 30 ಆಂಗ್‌ಸ್ಟ್ರಾಮ್. ಒಂದು ಪರಮಾಣು ಎಡ ಅಂಚಿನಿಂದ 1 ಆಂಗ್‌ಸ್ಟ್ರಾಮ್ ದೂರದಲ್ಲಿದೆ, ಇನ್ನೊಂದು 29ರಲ್ಲಿ. ಕಳೆದು ನೋಡಿದರೆ ಅಂತರ 28. ಆದರೆ ಎರಡನೆಯದರ ಎಡ ನಕಲು ಇರುವುದು 29ರಿಂದ 30 ಕಳೆದ ಜಾಗದಲ್ಲಿ, ಅಂದರೆ ಮೈನಸ್ 1ರಲ್ಲಿ. ಹಾಗಾಗಿ ನಿಜವಾದ ಅಂತರ ಬರೀ 2. ಗಡಿಯಾರದ ಮುಖದ ಮೇಲೆ 11ಕ್ಕೂ 1ಕ್ಕೂ ಅಂತರ ಹತ್ತಲ್ಲ, ಎರಡೇ ಅಲ್ಲವೇ, ಹಾಗೆ. ಪ್ರತಿ ಜೋಡಿಗೂ ಎಲ್ಲಕ್ಕಿಂತ ಹತ್ತಿರದ ನಕಲನ್ನು ಹುಡುಕಿ ಅದರೊಂದಿಗೆ ಮಾತ್ರ ಲೆಕ್ಕ ಹಾಕಬೇಕು. ಪ್ರೋಗ್ರಾಮಿನಲ್ಲಿ ಇದು ಒಂದೇ ಸಾಲು: ಅಂತರವನ್ನು ಪೆಟ್ಟಿಗೆಯ ಬದಿಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಅದನ್ನು ಬದಿಯಿಂದ ಗುಣಿಸಿ, ಮೂಲ ಅಂತರದಿಂದ ಕಳೆಯುವುದು. 28ನ್ನು 30ರಿಂದ ಭಾಗಿಸಿದರೆ 0.93, ಹತ್ತಿರದ ಪೂರ್ಣಾಂಕ 1, 28ರಿಂದ 30 ಕಳೆದರೆ ಮೈನಸ್ 2. ದೂರ 2, ದಿಕ್ಕು ಎಡಕ್ಕೆ. ಚಿಹ್ನೆ ಬದಲಾದದ್ದನ್ನು ಗಮನಿಸಿ: ಬಲಕ್ಕೆ ಇದೆ ಎಂದುಕೊಂಡ ನೆರೆ ಎಡಕ್ಕಿತ್ತು, ಸೆಳೆತವೂ ಎಡಕ್ಕೇ ಇರಬೇಕು.

ಇಲ್ಲೇ ಒಂದು ಕಟ್ಟುಪಾಡು ಹುಟ್ಟುತ್ತದೆ. ಪರಮಾಣು ನೋಡಬಲ್ಲ ದೂರ, ಅಂದರೆ ಯಾವ ದೂರದ ಆಚೆ ಬಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೋ ಆ ಮಿತಿ, ಪೆಟ್ಟಿಗೆಯ ಬದಿಯ ಅರ್ಧವನ್ನು ಮೀರಬಾರದು. ಮೀರಿದರೆ ಅದು ಒಂದೇ ನೆರೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎರಡು ಸಲ ಕಾಣಬೇಕಾಗುತ್ತದೆ, ಹತ್ತಿರದ ನಕಲನ್ನು ಮಾತ್ರ ಎಣಿಸುವ ಆ ಒಂದು ಸಾಲು ಆಗ ಸಾಲದು. ರಹಮಾನ್ ಆರ್ಗಾನಿಗೆ ಇಟ್ಟ ಮಿತಿ 7.65 ಆಂಗ್‌ಸ್ಟ್ರಾಮ್, ಅವರ ಪೆಟ್ಟಿಗೆಯ ಅರ್ಧ 17ಕ್ಕಿಂತ ಹೆಚ್ಚು. ನೀರಿನಲ್ಲಿಟ್ಟ ಪ್ರೋಟೀನಿನಂಥ ದೊಡ್ಡ ಅಣುವಿನ ವಿಷಯದಲ್ಲಿ ಇನ್ನಷ್ಟು ಜಾಗರೂಕತೆ ಬೇಕು. ಅದು ತನ್ನದೇ ನಕಲನ್ನು ನೋಡಬಾರದು. ಸಾಮಾನ್ಯವಾಗಿ ಸುತ್ತಲೂ 10 ಆಂಗ್‌ಸ್ಟ್ರಾಮ್‌ನಷ್ಟು ನೀರು ಬಿಡುತ್ತಾರೆ. ಉದ್ದನೆಯ ಪ್ರೋಟೀನು ಆಮೇಲೆ ಅಡ್ಡ ತಿರುಗಿದರೆ, ಅಥವಾ ಅದರ ಬಾಲ ಬಿಚ್ಚಿಕೊಂಡರೆ, ಆ ಅಂತರ ಸದ್ದಿಲ್ಲದೆ ಕರಗಿಹೋಗುತ್ತದೆ. ಓಟ ಮುಗಿದ ಮೇಲೆ ಪ್ರೋಟೀನಿಗೂ ಅದರ ನಕಲಿಗೂ ಇದ್ದ ಕನಿಷ್ಠ ದೂರವನ್ನು ಅಳೆದು ನೋಡದೆ ಫಲಿತಾಂಶ ಬರೆಯಬಾರದು.

ಪೆಟ್ಟಿಗೆ ಘನವೇ ಆಗಿರಬೇಕೆಂದೂ ಇಲ್ಲ. ಬಿರುಕಿಲ್ಲದೆ ಜಾಗ ತುಂಬುವ ಯಾವ ಆಕಾರವೂ ಆದೀತು. ಹನ್ನೆರಡು ವಜ್ರಾಕೃತಿ ಮುಖಗಳ ಪೆಟ್ಟಿಗೆ ಬಳಸಿದರೆ, ನಕಲುಗಳ ನಡುವಿನ ದೂರ ಅಷ್ಟೇ ಇದ್ದರೂ ಘನದ ಶೇಕಡಾ 71ರಷ್ಟು ಗಾತ್ರ ಸಾಕು. ಉಳಿದ 29 ಪಾಲಿನ ನೀರನ್ನು ಓಡಿಸುವ ಖರ್ಚು ಉಳಿಯಿತು.

ವಿದ್ಯುದಾವೇಶದ ಬಲ ಮಾತ್ರ ಯಾವ ಮಿತಿಗೂ ಬಗ್ಗುವುದಿಲ್ಲ. ಅದು ದೂರದೊಂದಿಗೆ ಬಹಳ ನಿಧಾನವಾಗಿ ಇಳಿಯುತ್ತದೆ, ಅರ್ಧ ಪೆಟ್ಟಿಗೆಗೆ ಕತ್ತರಿಸಿದರೆ ತಪ್ಪು ದೊಡ್ಡದು. ಅಲ್ಲಿ ನಕಲುಗಳನ್ನೆಲ್ಲ ಕೊನೆಯಿಲ್ಲದೆ ಕೂಡಿಸುವುದೇ ದಾರಿ. ಉಪ್ಪಿನಂಥ ಹರಳುಗಳಿಗಾಗಿ ಪೌಲ್ ಎವಾಲ್ಡ್ 1921ರಲ್ಲಿ ಕಂಡುಕೊಂಡ ಜಾಣ ವಿಧಾನ, 1993ರಲ್ಲಿ ಡಾರ್ಡನ್, ಯಾರ್ಕ್ ಮತ್ತು ಪೆಡರ್ಸನ್ ಕೊಟ್ಟ ವೇಗದ ರೂಪದಲ್ಲಿ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಒಂದೇ ಎಚ್ಚರಿಕೆ: ಪೆಟ್ಟಿಗೆಯ ಒಟ್ಟು ಆವೇಶ ಸೊನ್ನೆಯಾಗಿರಬೇಕು. ಇಲ್ಲದಿದ್ದರೆ ಅದೇ ಆವೇಶ ಕೊನೆಯಿಲ್ಲದಷ್ಟು ನಕಲುಗಳಲ್ಲಿ ಸೇರಿ ಮೊತ್ತಕ್ಕೆ ಅರ್ಥವೇ ಉಳಿಯದು. ಪ್ರೋಟೀನು, ಡಿಎನ್‌ಎಗಳ ಜೊತೆ ನೀರಿಗೆ ಸೋಡಿಯಂ, ಕ್ಲೋರೈಡ್ ಅಯಾನುಗಳನ್ನು ಬೆರೆಸುವುದಕ್ಕೆ ಇದೂ ಒಂದು ಕಾರಣ.

ಲೆಕ್ಕ ಹಾಕುವ ಪ್ರೋಗ್ರಾಮು ಇಷ್ಟನ್ನೂ ತಪ್ಪಿಲ್ಲದೆ ಮಾಡುತ್ತದೆ. ಎಡವುವವರು ಆಮೇಲೆ ಫೈಲನ್ನು ತೆರೆದು ನೋಡುವ ನಾವು. ಪ್ರತಿ ಕೆಲವು ಪಿಕೊಸೆಕೆಂಡಿಗೊಮ್ಮೆ ಪರಮಾಣುಗಳ ಸ್ಥಾನ ಒಂದು ಚೌಕಟ್ಟಾಗಿ ಡಿಸ್ಕಿಗೆ ಬರೆಯಲ್ಪಡುತ್ತದೆ, ಹಲವು ಸಲ ಪೆಟ್ಟಿಗೆಯೊಳಕ್ಕೆ ಮಡಚಿಟ್ಟ, ಅಂದರೆ ಅಂಚು ದಾಟಿದ್ದನ್ನು ಎದುರು ಬದಿಗೆ ತಂದಿಟ್ಟ, ಸ್ಥಾನವೇ. ತೆರೆಯ ಮೇಲೆ ನೋಡಿದರೆ ಅಂಚಿನಲ್ಲಿದ್ದ ಅಣು ಎರಡು ತುಂಡಾಗಿ ಒಂದು ತುಂಡು ಎಡಕ್ಕೂ ಇನ್ನೊಂದು ಬಲಕ್ಕೂ ಬಿದ್ದಿರುತ್ತದೆ, ಮಧ್ಯೆ ಪೆಟ್ಟಿಗೆಯ ಉದ್ದಕ್ಕೂ ಚಾಚಿದ ಬಂಧದ ಗೆರೆಗಳು. ಇದು ಕಣ್ಣಿಗೆ ರಾಚುವುದರಿಂದ ಅಪಾಯವಿಲ್ಲ. ಅಪಾಯವಿರುವುದು ನಂಬುವಂತೆ ಕಾಣುವ ತಪ್ಪಿನಲ್ಲಿ.

ಎರಡು ಸರಪಳಿಗಳು ಅಂಟಿಕೊಂಡ ಪ್ರೋಟೀನು 70 ಆಂಗ್‌ಸ್ಟ್ರಾಮ್ ಪೆಟ್ಟಿಗೆಯಲ್ಲಿದೆ ಎನ್ನೋಣ. ಅವುಗಳ ಕೇಂದ್ರಗಳ ನಡುವಿನ ದೂರದ ಗ್ರಾಫು 25ರ ಆಸುಪಾಸಿನಲ್ಲಿ ಶಾಂತವಾಗಿ ಸಾಗುತ್ತದೆ. ಇದ್ದಕ್ಕಿದ್ದಂತೆ 45ಕ್ಕೆ ನೆಗೆಯುತ್ತದೆ. ಔಷಧಿ ಸೇರಿದಾಗ ಈ ಜೋಡಿ ಬಿಡುತ್ತದೆಯೇ ಎಂದು ಹುಡುಕುತ್ತಿರುವವರಿಗೆ ಇದು ಬಯಸಿದ ಉತ್ತರದಂತೆಯೇ ಕಾಣುತ್ತದೆ. ಆದರೆ ಆ ನೆಗೆತ ಒಂದೇ ಚೌಕಟ್ಟಿನಲ್ಲಿ, 10 ಪಿಕೊಸೆಕೆಂಡಿನಲ್ಲಿ ಆಗಿದೆ. ಅಷ್ಟರಲ್ಲಿ ಮಧ್ಯಮ ಗಾತ್ರದ ಪ್ರೋಟೀನು ನೀರಿನಲ್ಲಿ ಸರಿಯಬಲ್ಲದ್ದು ಸುಮಾರು ಒಂದು ಆಂಗ್‌ಸ್ಟ್ರಾಮ್. ಜೊತೆಗೆ 25 ಮತ್ತು 45 ಕೂಡಿಸಿದರೆ 70, ಪೆಟ್ಟಿಗೆಯ ಬದಿ! ಸರಪಳಿ ಎಲ್ಲಿಗೂ ಹೋಗಿಲ್ಲ. ಅದರ ಕೇಂದ್ರ ಅಂಚು ದಾಟಿತು, ಪ್ರೋಗ್ರಾಮು ಅದನ್ನು ಆಚೆ ಬದಿಗೆ ಮಡಚಿಟ್ಟಿತು, ಅಷ್ಟೇ.

ಕೇಂದ್ರವನ್ನು ಕಂಡುಹಿಡಿಯುವುದರಲ್ಲೂ ಇದೇ ತೊಡಕು. ನಮ್ಮ 30ರ ಪೆಟ್ಟಿಗೆಯಲ್ಲಿ 1ರಲ್ಲೂ 29ರಲ್ಲೂ ಇರುವ ಎರಡು ಪರಮಾಣುಗಳ ಸರಾಸರಿ 15 ಎಂದು ಹೇಳಿದರೆ ಪೆಟ್ಟಿಗೆಯ ನಟ್ಟನಡುವೆ, ಅವೆರಡರಿಂದಲೂ ಅತಿ ದೂರದ ಜಾಗವನ್ನು ತೋರಿಸಿದಂತೆ. ಸರಿಯಾದ ಉತ್ತರ ಅಂಚಿನ ಮೇಲಿದೆ. ಸ್ಥಾನಗಳನ್ನು ವೃತ್ತದ ಮೇಲಿನ ಕೋನಗಳಾಗಿ ಬದಲಿಸಿ ಸರಾಸರಿ ತೆಗೆಯುವುದು ಒಂದು ದಾರಿ. ಮೊದಲು ಅಣುವನ್ನು ಇಡಿಯಾಗಿ ಜೋಡಿಸಿಕೊಂಡು ಆಮೇಲೆ ಸರಾಸರಿ ತೆಗೆಯುವುದು ಇನ್ನೊಂದು.

ಗ್ರೊಮ್ಯಾಕ್ಸ್‌ನಂಥ ಪ್ರೋಗ್ರಾಮುಗಳಲ್ಲಿ ಇದಕ್ಕೆಲ್ಲ ಸಲಕರಣೆಗಳಿವೆ. ಆದರೆ ಅವನ್ನು ಬಳಸುವ ಕ್ರಮ ಮುಖ್ಯ. ಮೊದಲು ತುಂಡಾದ ಅಣುಗಳನ್ನು ಕೂಡಿಸಬೇಕು. ಆಮೇಲೆ ಜೊತೆಗಿರಬೇಕಾದ ಸರಪಳಿಗಳನ್ನು ಹತ್ತಿರ ತರಬೇಕು. ನಂತರ ಬೇಕಾದ ಅಣುವನ್ನು ಪೆಟ್ಟಿಗೆಯ ನಡುವೆ ಇಟ್ಟು ನೀರನ್ನು ಸುತ್ತ ಮಡಚಬೇಕು. ಪ್ರತಿ ಚೌಕಟ್ಟಿನ ಪ್ರೋಟೀನನ್ನು ತಿರುಗಿಸಿ ಮೊದಲ ಚೌಕಟ್ಟಿನ ಮೇಲೆ ಹೊಂದಿಸುವ ಕೆಲಸ ಕಟ್ಟಕಡೆಗೆ. ಏಕೆಂದರೆ ಒಮ್ಮೆ ತಿರುಗಿಸಿದಿರೆಂದರೆ ಪೆಟ್ಟಿಗೆಯ ಬದಿಗಳು ಮೊದಲಿನ ದಿಕ್ಕಿನಲ್ಲಿ ಇರುವುದಿಲ್ಲ. ನಕಲುಗಳು ಯಾವ ಕಡೆಗಿವೆ ಎಂಬ ಮಾಹಿತಿ ಕೆಟ್ಟುಹೋಗಿ ಮುಂದಿನ ಯಾವ ತಿದ್ದುಪಡಿಯೂ ನಡೆಯುವುದಿಲ್ಲ.

ನೀರಿನ ಅಣು ಎಷ್ಟು ಬೇಗ ಅಲೆದಾಡುತ್ತದೆ ಎಂದು ಅಳೆಯಬೇಕಿದ್ದರೆ ಮಡಚಿದ ಸ್ಥಾನಗಳಿಂದ ಏನೂ ಉಪಯೋಗವಿಲ್ಲ. ಅಣು ಹೊರಟ ಜಾಗದಿಂದ ಸರಿದ ದೂರದ ವರ್ಗದ ಸರಾಸರಿ ಕಾಲದೊಂದಿಗೆ ನೇರ ಗೆರೆಯಾಗಿ ಏರುತ್ತ ಹೋಗಬೇಕು. ಮಡಚಿದ ಸ್ಥಾನದಿಂದ ಲೆಕ್ಕ ಹಾಕಿದರೆ ಅದು ಪೆಟ್ಟಿಗೆಯ ಬದಿಯ ವರ್ಗದ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ನಮ್ಮ 30ರ ಪೆಟ್ಟಿಗೆಗೆ ಆ ಸಂಖ್ಯೆ 450. ಹಾಗಾಗಿ ಮಡಚಿದ್ದನ್ನು ಬಿಚ್ಚಬೇಕು: ಎರಡು ಚೌಕಟ್ಟುಗಳ ನಡುವೆ ಅಣು ಅರ್ಧ ಪೆಟ್ಟಿಗೆಗಿಂತ ಹೆಚ್ಚು ನೆಗೆದಿದ್ದರೆ ಅಂಚು ದಾಟಿದೆ ಎಂದು ತಿಳಿದು ಒಂದು ಬದಿಯನ್ನು ಕೂಡಿಸುವುದು ಅಥವಾ ಕಳೆಯುವುದು. ಇದು ನಡೆಯಬೇಕಾದರೆ ಚೌಕಟ್ಟುಗಳು ಹತ್ತಿರ ಹತ್ತಿರ ಇರಬೇಕು. ಕೋಣೆಯ ಉಷ್ಣತೆಯಲ್ಲಿ ನೀರಿನ ಅಣು ಸುಮಾರು ಅರ್ಧ ನ್ಯಾನೊಸೆಕೆಂಡಿನಲ್ಲಿ ಒಂದು ದಿಕ್ಕಿಗೆ 15 ಆಂಗ್‌ಸ್ಟ್ರಾಮ್‌ನಷ್ಟು ಸರಿಯುತ್ತದೆ. ಡಿಸ್ಕ್ ಉಳಿಸಲೆಂದು ನ್ಯಾನೊಸೆಕೆಂಡಿಗೊಂದು ಚೌಕಟ್ಟು ಬರೆಸಿದವರಿಗೆ ಅಣು ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಮತ್ತೆ ತಿಳಿಯುವ ದಾರಿಯೇ ಇಲ್ಲ. ಲ್ಯಾಂಪ್ಸ್ ಎಂಬ ಪ್ರೋಗ್ರಾಮು ಪ್ರತಿ ಪರಮಾಣು ಯಾವ ಅಂಚನ್ನು ಎಷ್ಟು ಸಲ ದಾಟಿತು ಎಂಬ ಎಣಿಕೆಯನ್ನು ಜೊತೆಗೇ ಇಟ್ಟುಕೊಳ್ಳುತ್ತದೆ. ಇದು ಬಹಳ ಒಳ್ಳೆಯ ಏರ್ಪಾಡು.

ಸರಿಯಾಗಿ ಬಿಚ್ಚಿದ ಮೇಲೂ ಪೆಟ್ಟಿಗೆಯ ಗುರುತು ಉತ್ತರದಲ್ಲಿ ಉಳಿಯುತ್ತದೆ. ಚಲಿಸುವ ಅಣು ಸುತ್ತಲಿನ ದ್ರವವನ್ನು ತನ್ನೊಂದಿಗೆ ಎಳೆಯುತ್ತದೆ. ಆ ಹರಿವು ಬಹುದೂರ ಹರಡಿ, ನಕಲುಗಳನ್ನು ದಾಟಿ, ಅಣುವನ್ನೇ ಬಂದು ಮುಟ್ಟುತ್ತದೆ. ಹಾಗಾಗಿ ಚಿಕ್ಕ ಪೆಟ್ಟಿಗೆಯಲ್ಲಿ ಅಲೆದಾಟ ನಿಧಾನ. ಡ್ಯೂನ್‌ವೆಗ್ ಮತ್ತು ಕ್ರೆಮರ್ 1993ರಲ್ಲಿ, ಯೇ ಮತ್ತು ಹುಮ್ಮರ್ 2004ರಲ್ಲಿ ಇದರ ಪ್ರಮಾಣವನ್ನು ಸೂತ್ರದಲ್ಲಿ ಹಿಡಿದರು: ಕೊರತೆ ಪೆಟ್ಟಿಗೆಯ ಬದಿಗೆ ವಿಲೋಮವಾಗಿ ಇಳಿಯುತ್ತದೆ. 512 ನೀರಿನ ಅಣುಗಳ, ಸುಮಾರು 25 ಆಂಗ್‌ಸ್ಟ್ರಾಮ್ ಬದಿಯ ಪೆಟ್ಟಿಗೆಗೆ ಆ ಸೂತ್ರ ಹಾಕಿದರೆ ಕೊರತೆ ಶೇಕಡಾ ಹನ್ನೆರಡರ ಆಸುಪಾಸು. ಗೋಡೆಯಿಲ್ಲದ ಪೆಟ್ಟಿಗೆಯ ತಪ್ಪುಗಳಲ್ಲಿ ಇದು ಸಭ್ಯವಾದದ್ದು. ಎಷ್ಟಿದೆ ಎಂದು ತಾನೇ ಹೇಳುತ್ತದೆ, ಕೂಡಿಸಿಕೊಂಡರೆ ಸರಿಹೋಗುತ್ತದೆ.

ಎಲ್ಲವೂ ಇಷ್ಟು ಸಭ್ಯವಲ್ಲ. 2018ರಲ್ಲಿ, ನೊಬೆಲ್ ಪುರಸ್ಕೃತ ಮಾರ್ಟಿನ್ ಕಾರ್ಪ್ಲಸ್ ಇದ್ದ ತಂಡವೊಂದು ನಮ್ಮ ರಕ್ತದ ಹಿಮೋಗ್ಲೋಬಿನ್ ಬಗ್ಗೆ ಪ್ರಬಂಧ ಪ್ರಕಟಿಸಿತು. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಒಂದು ನಿರ್ದಿಷ್ಟ ಭಂಗಿಯಲ್ಲಿ ಸ್ಥಿರವಾಗಿರುತ್ತದೆ ಎಂಬುದು ಪ್ರಯೋಗಗಳಿಂದ ಗೊತ್ತು. ಕಂಪ್ಯೂಟರಿನಲ್ಲಿ ಮಾತ್ರ ಅದು ಬೇಗನೆ ಆ ಭಂಗಿ ಬಿಡುತ್ತಿತ್ತು. ತಂಡ 75, 90, 120, 150 ಆಂಗ್‌ಸ್ಟ್ರಾಮ್ ಪೆಟ್ಟಿಗೆಗಳಲ್ಲಿ ಓಡಿಸಿತು. ಮೊದಲ ಮೂರರಲ್ಲಿ ಭಂಗಿ ಮುರಿಯಿತು, 150ರಲ್ಲಿ ಉಳಿಯಿತು. ಸುತ್ತಲೂ ಅಷ್ಟು ನೀರಿಲ್ಲದೆ ಹಿಮೋಗ್ಲೋಬಿನ್ ಸ್ಥಿರವಾಗಿರದು, ಹಾಗಾಗಿ ಇಷ್ಟು ದಿನದ ವಾಡಿಕೆಯ ಪೆಟ್ಟಿಗೆಗಳು ಸಾಲವು ಎಂಬುದು ಅವರ ತೀರ್ಮಾನ. ಅದು ನಿಜವಾಗಿದ್ದರೆ ಸಾವಿರಾರು ಹಳೆಯ ಲೆಕ್ಕಗಳನ್ನು ಮತ್ತೆ ತೆರೆಯಬೇಕಿತ್ತು.

ಜರ್ಮನಿಯ ಗ್ಯೋಟಿಂಗೆನ್‌ನ ಗಾಪ್ಸಿಸ್ ಮತ್ತು ಡಿ ಗ್ರೂಟ್ ಇದನ್ನು ಪರೀಕ್ಷಿಸಲು ಹೊರಟರು. ಅವರು ಮಾಡಿದ್ದು ಸರಳ: ಪ್ರತಿ ಅಳತೆಯ ಪೆಟ್ಟಿಗೆಯಲ್ಲೂ ಒಂದೇ ಓಟಕ್ಕೆ ನಿಲ್ಲದೆ, ಬೇರೆ ಬೇರೆ ಆರಂಭದ ವೇಗಗಳಿಂದ ಹಲವಾರು ಓಟಗಳನ್ನು ಓಡಿಸಿದರು. ಚಿಕ್ಕ ಪೆಟ್ಟಿಗೆಯಲ್ಲೂ ಕೆಲವು ಸಲ ಭಂಗಿ ಉಳಿಯಿತು, ದೊಡ್ಡದರಲ್ಲೂ ಕೆಲವು ಸಲ ಮುರಿಯಿತು. ಓಟಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಪೆಟ್ಟಿಗೆಯ ಅಳತೆಗೂ ಭಂಗಿಯ ಆಯುಷ್ಯಕ್ಕೂ ಕ್ರಮಬದ್ಧ ಸಂಬಂಧ ಕಾಣಲಿಲ್ಲ. 2019 ಮತ್ತು 2020ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೊದಲ ತಂಡ ತನ್ನ ವಾದವನ್ನು ಸಮರ್ಥಿಸಿಕೊಂಡು ಉತ್ತರವನ್ನೂ ಬರೆಯಿತು. ಓಟದಿಂದ ಓಟಕ್ಕೆ ಬರುವ ಆಕಸ್ಮಿಕ ವ್ಯತ್ಯಾಸವನ್ನು ಪೆಟ್ಟಿಗೆಯ ಪರಿಣಾಮದಿಂದ ಬೇರ್ಪಡಿಸಲು ಪ್ರತಿ ಅಳತೆಗೆ ಒಂದೊಂದು ಓಟ ಸಾಲದು ಎಂಬ ಗ್ಯೋಟಿಂಗೆನ್ ತಂಡದ ಮಾತು ನನಗೆ ಮನವರಿಕೆಯಾಗಿದೆ. ಪೆಟ್ಟಿಗೆ ಸಾಲುತ್ತದೆಯೇ ಎಂದು ಕೇಳುವವರು ಈಗ ಎರಡು ಖರ್ಚಿಗೆ ಸಿದ್ಧರಾಗಿರಬೇಕು: ಅಳತೆ ಬದಲಿಸಿ ಓಡಿಸುವುದು, ಮತ್ತು ಪ್ರತಿ ಅಳತೆಯಲ್ಲೂ ಹತ್ತಾರು ಸಲ ಓಡಿಸುವುದು.